ಬಸ್ಸನ್ನೇ ಮನೆ ಮಾಡಿಕೊಂಡು ಹೊರಟ ಮೊದಲ ವರ್ಷ: ಎಲ್ಲರೂ ಕೇಳುವ ಪ್ರಶ್ನೆಗಳು

ತುಮಕೂರಿನ ನಮ್ಮ ಮನೆ ಮುಂದೆ ಈ ಬಸ್ಸು ಬಂದು ನಿಂತ ದಿನದಿಂದ ಪ್ರಶ್ನೆಗಳಿಗೆ ಬಿಡುವಿಲ್ಲ. ಹಾಲಿನವರು, ಮಕ್ಕಳ ಸ್ಕೂಲಿನ ತಾಯಂದಿರು, ಬಂಕಿನಲ್ಲಿ ಡೀಸೆಲ್ ಹಾಕುವ ಹುಡುಗರು ಎಲ್ಲರೂ ಕೇಳುತ್ತಾರೆ. ಕೆಲವರಿಗೆ ಕುತೂಹಲ, ಕೆಲವರಿಗೆ ತಾವೂ ಇಂಥದ್ದೊಂದು ಮಾಡಬೇಕೆಂಬ ಆಸೆ. ಆ ಎರಡನೆಯವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾವು ಐದು ಜನ: ನಾನು, ನಮ್ಮ ಮನೆಯವರು, ಅತ್ತೆ, ಆರನೇ ಕ್ಲಾಸಿನ ಮಗಳು, ಒಂದನೇ ಕ್ಲಾಸಿನ ಮಗ.

ಬಸ್ಸೇ ಯಾಕೆ? ಕಾರಲ್ಲಿ ಹೋಗಿ ಲಾಡ್ಜಿನಲ್ಲಿ ಉಳಿದರೆ ಆಗಲ್ವಾ?

ಬಸ್ಸು ಮಾಡಿಸಿದ್ದು ಅತ್ತೆಗೋಸ್ಕರ. ಅವರಿಗೆ 71 ವರ್ಷ. ಮಂಡಿ ಸವೆದಿದೆ, ಸಕ್ಕರೆ ಕಾಯಿಲೆ ಇದೆ, ಗಂಟೆಗೊಂದು ಸಲವಾದರೂ ಬಾತ್‌ರೂಮಿಗೆ ಹೋಗಲೇಬೇಕು. ಎಲ್ಲಿಗಾದರೂ ಹೊರಡುವುದಿದ್ದರೆ ಹಿಂದಿನ ರಾತ್ರಿಯಿಂದಲೇ ನೀರು ಕುಡಿಯುವುದನ್ನು ನಿಲ್ಲಿಸಿಬಿಡುತ್ತಿದ್ದರು. ಒಂದೇ ಮನೆಯಲ್ಲಿದ್ದೂ ನಮಗದು ಗೊತ್ತಿರಲಿಲ್ಲ. ಅರಸೀಕೆರೆಯಲ್ಲಿ ಒಂದು ಗೃಹಪ್ರವೇಶ ಮುಗಿಸಿಕೊಂಡು ಕಾರಿನಲ್ಲಿ ಬರುವಾಗ, ತಿಪಟೂರು ದಾಟಿದ ಮೇಲೆ ಅವರಿಗೆ ತಲೆಸುತ್ತು ಬಂತು. ಡಾಕ್ಟರು ನೋಡಿ, ಮೈಯಲ್ಲಿ ನೀರೇ ಇಲ್ಲವಲ್ಲ ಎಂದರು. ಆಗ ಬಾಯಿಬಿಟ್ಟರು. ಅದಾದ ಮೇಲೆ ಆರು ವರ್ಷ ಅವರು ಎಲ್ಲಿಗೂ ಬರಲಿಲ್ಲ. ಗುಬ್ಬಿ ಹತ್ತಿರ ಇರುವ ಸ್ವಂತ ತಮ್ಮನ ತೋಟಕ್ಕೂ ಹೋಗಲಿಲ್ಲ. ಅದು ನಮ್ಮ ಮನೆಯಿಂದ ಮುಕ್ಕಾಲು ಗಂಟೆಯ ದಾರಿ.

ಟಾಯ್ಲೆಟ್ಟು, ಮಂಚ ಎರಡೂ ಜೊತೆಗೇ ಬರುವ ಗಾಡಿ ಇದ್ದರೆ ಅತ್ತೆ ಮತ್ತೆ ಹೊರಡಬಹುದು ಎನ್ನುವ ಒಂದೇ ಯೋಚನೆಯಿಂದ ಇದು ಶುರುವಾಯಿತು. ಬಸ್ಸು ಬಂದ ದಿನ ಅವರು ಜಗಲಿಯಲ್ಲೇ ಕೂತು ನೋಡಿ ಹೇಳಿದರು: "ಇದೇನು ಹೊಸದೇನೇ? ನಾನು ಹುಡುಗಿಯಾಗಿದ್ದಾಗ ಎಡೆಯೂರು ಜಾತ್ರೆಗೆ ಕಮಾನು ಗಾಡಿ ಕಟ್ಟಿಕೊಂಡು ಹೋಗ್ತಿದ್ವಿ. ಹುಲ್ಲು ಹಾಸಿ ಮೇಲೊಂದು ಜಮಖಾನ ಹಾಕೋರು. ಮರದಡಿ ಮೂರು ಕಲ್ಲಿಟ್ಟು ಅನ್ನ ಬೇಯಿಸ್ತಿದ್ವಿ. ಗಂಡಸರು ಗಾಡಿ ಕೆಳಗೆ ಮಲಗೋರು." ಆ ಮಾತು ಕೇಳಿದ ಮೇಲೆ ನನಗೆ ಈ ಕೆಲಸದ ಬಗ್ಗೆ ಇದ್ದ ಅಳುಕೆಲ್ಲ ಹೋಯಿತು.

ಯಾವ ಬಸ್ಸು? ಕೊಳ್ಳುವಾಗ ಏನು ನೋಡಿದಿರಿ?

ಒಂದು ಶಾಲೆ ಓಡಿಸಿ ಬಿಟ್ಟ 26 ಸೀಟಿನ ಮಿನಿ ಬಸ್ಸು. ಶಾಲೆ ಬಸ್ಸುಗಳು ದಿನಕ್ಕೆ ಎರಡು ಹೊತ್ತು ಹತ್ತಿರದಲ್ಲೇ ಓಡುವುದರಿಂದ ಎಂಜಿನ್ ಅಷ್ಟು ಸವೆದಿರುವುದಿಲ್ಲ. ಆದರೆ ಉಳಿದ ಹೊತ್ತೆಲ್ಲ ಮಳೆ ಬಿಸಿಲಿನಲ್ಲಿ ನಿಂತಿರುತ್ತವೆ, ಹಾಗಾಗಿ ತುಕ್ಕು ಹೆಚ್ಚು. ನಮ್ಮ ಮೆಕ್ಯಾನಿಕ್ ಎಂಜಿನ್ ಬಾನೆಟ್ ಎತ್ತುವ ಮೊದಲು ನೆಲದ ಮ್ಯಾಟ್ ಎತ್ತಿಸಿದರು. ಸ್ಕ್ರೂಡ್ರೈವರ್ ಹಿಡಿದು ಚಕ್ರದ ಮೇಲಿನ ತಗಡು, ಮೆಟ್ಟಿಲಿನ ಮೂಲೆ, ಚಾಸಿಯ, ಅಂದರೆ ಬಸ್ಸನ್ನು ಹೊತ್ತ ತಳದ ಚೌಕಟ್ಟಿನ, ಅಡ್ಡಪಟ್ಟಿ ಎಲ್ಲ ಚುಚ್ಚಿ ನೋಡಿದರು. ಎರಡು ಬಸ್ಸುಗಳಲ್ಲಿ ಸ್ಕ್ರೂಡ್ರೈವರ್ ಸೀದಾ ಒಳಗೆ ಹೋಯಿತು. ಎಂಜಿನ್ ಕೆಟ್ಟರೆ ಬಿಚ್ಚಿ ಕಟ್ಟಬಹುದಕ್ಕ, ಚಾಸಿ ಕೊಳೆತರೆ ಬಸ್ಸೇ ಇಲ್ಲ ಎಂದರು. ಮೇಲ್ಛಾವಣಿಗೆ ನಾಲ್ಕು ಬಿಂದಿಗೆ ನೀರು ಹುಯ್ದು ಒಳಗೆ ಎಲ್ಲಿ ಸೋರುತ್ತದೆ ಎಂದೂ ನೋಡಿದೆವು. ಈ ಪರೀಕ್ಷೆಗೆ ಖರ್ಚಿಲ್ಲ, ಯಾರೂ ಬೇಡ ಅನ್ನುವುದೂ ಇಲ್ಲ.

ಇನ್ನೊಂದು, ಒಳಗೆ ನೆಟ್ಟಗೆ ನಿಲ್ಲಲು ಎತ್ತರ ಇರಬೇಕು. ಬಗ್ಗಿಕೊಂಡು ಎರಡು ದಿನ ಅಡುಗೆ ಮಾಡಿದರೆ ಮೂರನೇ ದಿನ ಮನೆ ನೆನಪಾಗುತ್ತದೆ.

ಓಡಿಸೋಕೆ ಹೆವಿ ಲೈಸೆನ್ಸ್ ಬೇಕಾ?

ವಾಹನದ ಒಟ್ಟು ತೂಕ, ಅಂದರೆ ಆರ್‌ಸಿಯಲ್ಲಿ ಬರೆದಿರುವ ಜಿವಿಡಬ್ಲ್ಯೂ, 7,500 ಕಿಲೋ ಒಳಗಿದ್ದರೆ ಕಾರಿಗೆ ಕೊಡುವ ಎಲ್‌ಎಂವಿ (ಲಘು ವಾಹನ) ಲೈಸೆನ್ಸೇ ಸಾಕು. 2017ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದನ್ನು 2024ರ ನವೆಂಬರಿನಲ್ಲಿ ಸಂವಿಧಾನ ಪೀಠ ಎತ್ತಿಹಿಡಿಯಿತು. ಮಿನಿ ಬಸ್ಸಿನ ಅಳತೆಗೇ ನಿಂತಿದ್ದಕ್ಕೆ ಇದೂ ಒಂದು ಕಾರಣ. ಆದರೆ ಲೈಸೆನ್ಸ್ ಇದೆ ಎಂದ ಮಾತ್ರಕ್ಕೆ ಕೈ ಕೂರುವುದಿಲ್ಲ. ನಮ್ಮ ಮನೆಯವರು ಒಂದು ತಿಂಗಳು ಭಾನುವಾರ ಬೆಳಿಗ್ಗೆ ಐದಕ್ಕೆ ಎದ್ದು ಖಾಲಿ ರಸ್ತೆಯಲ್ಲಿ ರಿವರ್ಸ್ ಹೊಡೆಯುವುದನ್ನೇ ಕಲಿತರು. ಹಿಂದೆ ನಿಂತು "ಬರ್ಲಿ ಬರ್ಲಿ, ಹೋಲ್ಡಾನ್" ಅನ್ನುವ ಕೆಲಸ ನನ್ನದು.

ಆರ್‌ಟಿಓ ತಕರಾರು ಮಾಡಲ್ವಾ?

ಸುತ್ತಿಗೆ ಕೈಗೆತ್ತಿಕೊಳ್ಳುವ ಮೊದಲೇ ಆರ್‌ಟಿಓ ಕಚೇರಿಗೆ ಹೋಗಿ. ಎಲ್ಲ ಮುಗಿಸಿಕೊಂಡು ಹೋದರೆ ಕಷ್ಟ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರು ಕೊಟ್ಟ ವಿವರಕ್ಕೂ ವಾಹನಕ್ಕೂ ಹೊಂದದ ಹಾಗೆ ಬದಲಾಯಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನು ಗಟ್ಟಿಯಾಗಿ ಹೇಳಿದೆ. ಹಾಗೆಂದು ದಾರಿಯೇ ಇಲ್ಲ ಎಂದಲ್ಲ. ಕೇಂದ್ರ ಸರ್ಕಾರದ ವಾಹನಗಳ ವರ್ಗೀಕರಣದಲ್ಲಿ ಸ್ವಂತ ಬಳಕೆಯ ಕ್ಯಾಂಪರ್ ವ್ಯಾನ್ ಸಾರಿಗೆಯೇತರ ವಾಹನಗಳ ಪಟ್ಟಿಯಲ್ಲೇ ಇದೆ. ಇಂಥ ಗಾಡಿಗಳಿಗೆ ಎಐಎಸ್-124 ಎಂಬ ಮಾನದಂಡವೂ ಇದೆ. ಸೀಟು ಎಷ್ಟು ಉಳಿಯುತ್ತದೆ, ತೂಕ ಎಷ್ಟಾಗುತ್ತದೆ, ಗ್ಯಾಸು ಎಲ್ಲಿ, ಎಮರ್ಜೆನ್ಸಿ ಬಾಗಿಲು ಎಲ್ಲಿ ಎನ್ನುವುದರ ನಕ್ಷೆ ಮೊದಲೇ ಕೈಯಲ್ಲಿರಲಿ.

ನಾವು ಮೊದಲು ಒಬ್ಬ ಏಜೆಂಟರ ಮಾತು ಕೇಳಿ ಮೂರು ತಿಂಗಳು ಕಳೆದುಕೊಂಡೆವು. "ಮಾಡ್ಸಿ ಅಕ್ಕ, ಆಮೇಲೆ ನೋಡ್ಕೊಳ್ಳೋಣ" ಎಂದವರು ಆಮೇಲೆ ಫೋನ್ ಎತ್ತಲಿಲ್ಲ. ಕೊನೆಗೆ ನಾವೇ ಅರ್ಜಿ ಹಿಡಿದು ಹೋದಾಗ ಅಲ್ಲಿನ ಇನ್‌ಸ್ಪೆಕ್ಟರು ಕೂರಿಸಿಕೊಂಡು ವಿವರಿಸಿದರು. ಶಾಲೆಯ ಹಳದಿ ಬಣ್ಣ ಹೋಗಬೇಕು, ಶಾಲೆಯ ಹೆಸರು ಅಳಿಸಬೇಕು, ಆರ್‌ಸಿಯಲ್ಲಿ ಹೊಸ ವಿವರ ಬರಬೇಕು, ಇನ್ಶೂರೆನ್ಸ್ ಕಂಪನಿಗೂ ಬರೆದು ತಿಳಿಸಬೇಕು. ಈ ಕೊನೆಯದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಅಪಘಾತವಾದ ಮೇಲೆ ಗಾಡಿ ಕಾಗದದಲ್ಲಿ ಒಂದು ಥರ, ರಸ್ತೆಯಲ್ಲಿ ಒಂದು ಥರ ಇದ್ದರೆ ಒಂದು ರೂಪಾಯಿಯೂ ಬರದೆ ಹೋಗಬಹುದು.

ಎಷ್ಟು ಖರ್ಚಾಯಿತು?

ಬಸ್ಸಿಗೆ ಕೊಟ್ಟಷ್ಟೇ ದುಡ್ಡು ಇನ್ನೊಂದು ಸಲ ಒಳಗಿನ ಕೆಲಸಕ್ಕೆ ಹೋಯಿತು. ಅದರಲ್ಲಿ ಮೂರನೇ ಒಂದು ಭಾಗ ಬ್ಯಾಟರಿ, ಸೋಲಾರಿಗೆ. ನಾನು ಎತ್ತಿದ ಚೀಟಿ ಹಣ, ಅವರ ಪಿಎಫ್‌ನ ಒಂದಷ್ಟು. ಸಾಲ ಮಾಡಲಿಲ್ಲ. ಸಾಲ ಮಾಡಿ ಮಾಡುವಂಥದ್ದಲ್ಲ ಇದು ಎಂದು ನನ್ನ ಗಟ್ಟಿ ಅಭಿಪ್ರಾಯ.

ಒಳಗೆ ಏನೇನಿದೆ?

ಮುಂದೆ ಮೊದಲಿದ್ದ ಸೀಟುಗಳಲ್ಲಿ ನಾಲ್ಕನ್ನು ಹಾಗೇ ಉಳಿಸಿ ಬೆಲ್ಟ್ ಹಾಕಿಸಿದ್ದೇವೆ. ಗಾಡಿ ಓಡುವಾಗ ಎಲ್ಲರೂ ಅಲ್ಲೇ, ಬೆಲ್ಟ್ ಹಾಕಿಕೊಂಡೇ ಕೂರಬೇಕು. ಮಂಚದ ಮೇಲೆ ಮಲಗಿಕೊಂಡು ಹೋಗುತ್ತೇನೆಂದು ಮಗ ಎಷ್ಟು ಅತ್ತರೂ ಬಿಟ್ಟಿಲ್ಲ. ಮಧ್ಯದಲ್ಲಿ ಒಂದು ಕಡೆ ಅತ್ತೆಯ ಮಂಚ, ಎದುರಿಗೆ ಅಡುಗೆ ಕಟ್ಟೆ. ಹಿಂದೆ ಅಡ್ಡಲಾಗಿ ನಮ್ಮ ಮಂಚ, ಅದರ ಮೇಲೆ ಮಕ್ಕಳದು.

ಬಡಗಿಯವರು ಮನೆಗೆ ಹಾಕುವ ಹಾಗೆ 18 ಎಂಎಂ ಪ್ಲೈ ಹಾಕಲು ಹೊರಟಿದ್ದರು. ಅದರ ಎಂಟು ನಾಲ್ಕು ಅಡಿಯ ಒಂದು ಹಾಳೆಯೇ 32 ಕಿಲೋಗಿಂತ ಹೆಚ್ಚು ತೂಗುತ್ತದೆ. 12 ಎಂಎಂಗೆ ಇಳಿಸಿ, ಕೆಳಗೆ ಕಬ್ಬಿಣದ ಚೌಕಟ್ಟು ಕೊಡಿಸಿದೆವು. ಕೆಲಸ ಅರ್ಧ ಆದಾಗ ಒಮ್ಮೆ, ಮುಗಿದ ಮೇಲೆ ಒಮ್ಮೆ ವೇಬ್ರಿಡ್ಜಿಗೆ ಹತ್ತಿಸಿ ತೂಗಿಸಿದೆವು. ಎರಡನೇ ಸಲ ಮುಂದಿನ ಚಕ್ರ, ಹಿಂದಿನ ಚಕ್ರ ಬೇರೆ ಬೇರೆಯಾಗಿ ತೂಗಿಸಿದಾಗ ಭಾರವೆಲ್ಲ ಹಿಂದಕ್ಕೆ ಬಿದ್ದಿದ್ದು ಗೊತ್ತಾಯಿತು. ನೀರಿನ ಟ್ಯಾಂಕನ್ನು ಮುಂದಕ್ಕೆ ತರಬೇಕಾಯಿತು.

ಟಾಯ್ಲೆಟ್ ಹೇಗೆ? ವಾಸನೆ ಬರಲ್ವಾ?

ಎಲ್ಲರೂ ದನಿ ತಗ್ಗಿಸಿ ಕೇಳುವ ಪ್ರಶ್ನೆ. ಇದನ್ನೇ ಜೋರಾಗಿ ಕೇಳಬೇಕು, ಯಾಕೆಂದರೆ ಹೆಂಗಸರು, ವಯಸ್ಸಾದವರು ಪ್ರಯಾಣ ಬಿಡುವುದೇ ಇದಕ್ಕೆ.

ನಮ್ಮದು ಡಬ್ಬಿ ಬಿಚ್ಚಿ ಒಯ್ಯುವಂಥ ಪೋರ್ಟಬಲ್ ಕಮೋಡು. ಕೆಳಗಿನ ಡಬ್ಬಿ 20 ಲೀಟರಿನದು. ಐದು ಜನಕ್ಕೆ ಎರಡು ದಿನ ಬರುತ್ತದೆ. ತುಂಬಿದ ಮೇಲೆ ನೆಂಟರ ಮನೆಯಲ್ಲೋ ನಮ್ಮ ಮನೆಯಲ್ಲೋ ಟಾಯ್ಲೆಟ್ಟಿಗೆ ಸುರಿದು ತೊಳೆಯುತ್ತೇವೆ. ಕೆರೆ ಅಂಗಳ, ಹಳ್ಳ, ರಸ್ತೆ ಪಕ್ಕ ಎಲ್ಲೂ ಸುರಿದಿಲ್ಲ, ಸುರಿಯುವುದೂ ಇಲ್ಲ. ಫಿನಾಯಿಲ್ ಹಾಕಬೇಡಿ. ಮನೆ ಟಾಯ್ಲೆಟ್ಟಿನ ಪಿಟ್ಟಿನಲ್ಲಿ ಕೊಳೆಸುವ ಬ್ಯಾಕ್ಟೀರಿಯಾ ಸತ್ತುಹೋಗುತ್ತದೆ. ಅದಕ್ಕೆಂದೇ ಸಿಗುವ ಎನ್‌ಜೈಮ್ ಪುಡಿ ಸಾಕು.

ಅತ್ತೆಗಾಗಿ ಮಾಡಿದ ಮೂರು ಬದಲಾವಣೆಗಳನ್ನು ಹೇಳಲೇಬೇಕು. ಬಸ್ಸಿನ ಮೊದಲ ಮೆಟ್ಟಿಲು ನೆಲದಿಂದ ಬಹಳ ಎತ್ತರ. ಅದರ ಕೆಳಗೆ ಮಡಚುವ ಇನ್ನೊಂದು ಮೆಟ್ಟಿಲು ಹಾಕಿಸಿದೆವು. ಮಂಚದಿಂದ ಕಮೋಡಿನವರೆಗೆ ಎರಡೂ ಕಡೆ ಸ್ಟೀಲ್ ಕಂಬಿ ಓಡಿಸಿದೆವು, ಹಳೇ ಬಸ್ಸಿನ ನಿಂತುಕೊಳ್ಳುವವರ ಕಂಬಿಯನ್ನೇ ಕತ್ತರಿಸಿ ಕೆಳಗಿಳಿಸಿದ್ದು. ಕಮೋಡಿನ ಬಾಗಿಲಿಗೆ ಚಿಲಕದ ಬದಲು ಪರದೆ, ಮಂಡಿ ಹಿಡಿದುಕೊಂಡರೆ ನಾನು ಒಳಗೆ ಹೋಗಲು ಆಗಬೇಕಲ್ಲ. ಈಗ ಅವರು ಪ್ರಯಾಣದಲ್ಲಿ ಚೊಂಬು ತುಂಬ ನೀರು ಪಕ್ಕದಲ್ಲೇ ಇಟ್ಟುಕೊಂಡು ಕೂರುತ್ತಾರೆ. ಅದನ್ನು ನೋಡುವಾಗ ಆಗುವ ಸಮಾಧಾನವನ್ನು ಬರೆದು ತಿಳಿಸಲು ನನಗೆ ಬರುವುದಿಲ್ಲ.

ಬೇಸಿಗೆಯಲ್ಲಿ ತಗಡು ಕಾದು ಬೆಂದುಹೋಗಲ್ವಾ?

ಮಧ್ಯಾಹ್ನ ಕಾಯುತ್ತದೆ. ಚಾವಣಿಗೆ ಬಿಳಿ ಬಣ್ಣ, ತಗಡಿಗೂ ಒಳಗಿನ ಹಲಗೆಗೂ ನಡುವೆ ಶಾಖ ತಡೆಯುವ ಫೋಮ್ ಹಾಳೆ, ಸೋಲಾರ್ ಪ್ಯಾನೆಲ್ಲಿನ ಕೆಳಗೆ ಗಾಳಿಯಾಡಲು ನಾಲ್ಕು ಇಂಚು ಸಂದು. ಈ ಮೂರರಿಂದ ಬಹಳ ತಗ್ಗಿದೆ. ಥರ್ಮೊಕೋಲ್ ಅಗ್ಗ, ಆದರೆ ಬೇಗ ಬೆಂಕಿ ಹಿಡಿಯುತ್ತದೆ, ಹಾಕಬೇಡಿ. ಏಸಿ ಹಾಕಿಸಿಲ್ಲ. ಏಪ್ರಿಲ್ ಮಧ್ಯಾಹ್ನ ಹುಣಸೆಮರದ ನೆರಳು ಹುಡುಕಿ ನಿಲ್ಲಿಸಿ, ಹೊರಗೆ ಚಾಪೆ ಹಾಕಿ ಮಲಗುತ್ತೇವೆ. ಕತ್ತಲಾದ ಮೇಲೆ ನಮ್ಮ ಕಡೆ ತಂಪಾಗುತ್ತದೆ. ಕಿಟಕಿಗೆ ಸೊಳ್ಳೆ ಪರದೆ ಇದ್ದರೆ ಸಾಕು.

ಕರೆಂಟಿಗೆ ಏನು ಮಾಡುತ್ತೀರಿ?

ಚಾವಣಿ ಮೇಲೆ 330 ವಾಟಿನ ಎರಡು ಪ್ಯಾನೆಲ್, ಒಳಗೆ 12.8 ವೋಲ್ಟಿನ 200 ಆಂಪಿಯರ್-ಅವರ್ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ. ಗುಣಿಸಿದರೆ 2,560 ವಾಟ್-ಅವರ್, ಅಂದರೆ ಮನೆ ಮೀಟರಿನ ಲೆಕ್ಕದಲ್ಲಿ ಎರಡೂವರೆ ಯೂನಿಟ್. ಕಡಿಮೆ ಕರೆಂಟು ಎಳೆಯುವ 30 ವಾಟಿನ ಎರಡು ಬಿಎಲ್‌ಡಿಸಿ ಫ್ಯಾನು ರಾತ್ರಿ ಒಂಬತ್ತು ಗಂಟೆ ತಿರುಗಿದರೆ ಅರ್ಧ ಯೂನಿಟ್ ಚಿಲ್ಲರೆ. ಅತ್ತೆಯ ಇನ್ಸುಲಿನ್ ಇಡುವ ಚಿಕ್ಕ ಫ್ರಿಜ್ಜಿಗೆ ಇನ್ನರ್ಧ. ದೀಪ, ಮೊಬೈಲು, ನೀರಿನ ಪಂಪು, ಚಟ್ನಿಗೆ ಐದು ನಿಮಿಷ ಮಿಕ್ಸಿ ಎಲ್ಲ ಸೇರಿ ದಿನಕ್ಕೆ ಒಂದೂಕಾಲು ಯೂನಿಟ್ ದಾಟುವುದಿಲ್ಲ. ಮೋಡ ಕವಿದರೂ ಎರಡು ದಿನ ನಡೆಯುತ್ತದೆ. ಇಸ್ತ್ರಿ ಪೆಟ್ಟಿಗೆ, ಗೀಸರ್, ಇಂಡಕ್ಷನ್ ಒಲೆ ಇದರ ಮೇಲೆ ಬೇಡ. ಬ್ಯಾಟರಿ ಪಕ್ಕದಲ್ಲೇ ದಪ್ಪ ಫ್ಯೂಸು ಕಡ್ಡಾಯ.

ಬಿಸಿಲಿಗಂತೂ ನಮ್ಮ ಜಿಲ್ಲೆಯಲ್ಲಿ ಬರವಿಲ್ಲ. ಪಾವಗಡದ ಸೋಲಾರ್ ಪಾರ್ಕ್ ಇರುವುದು ಸುಮಾರು 13,000 ಎಕರೆಯಲ್ಲಿ, ಸಾಮರ್ಥ್ಯ 2,050 ಮೆಗಾವಾಟ್. ಆ ಕಡೆ ಹೋದಾಗ ಕಣ್ಣು ಹಾಯುವಷ್ಟು ದೂರ ಪ್ಯಾನೆಲ್ ನೋಡಿ ಮಗ ಕೇಳಿದ್ದು, "ಅಮ್ಮ, ಇವರ ಬಸ್ಸು ಎಷ್ಟು ದೊಡ್ಡದು?"

ಕುಡಿಯುವ ನೀರು?

ಟ್ಯಾಂಕು 150 ಲೀಟರಿನದು, ಅಂದರೆ ತುಂಬಿದಾಗ 150 ಕಿಲೋ ಭಾರ. ಅದು ಪಾತ್ರೆ, ಮುಖ, ಕೈಕಾಲಿಗೆ. ಕುಡಿಯಲು ಬೇರೆ ಎರಡು ಕ್ಯಾನು. ಇದರಲ್ಲಿ ಉದಾಸೀನ ಬೇಡ. ಪಾವಗಡ, ಶಿರಾ, ಮಧುಗಿರಿ ಕಡೆ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಕೋಲಾರ, ಚಿಕ್ಕಬಳ್ಳಾಪುರದ ಕಡೆಯೂ ಅದೇ ಕಥೆ. ಕುದಿಸಿದರೆ ಕ್ರಿಮಿ ಸಾಯುತ್ತದೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆರಿ ಕಡಿಮೆಯಾದ ಹಾಗೆ ಅದರ ಅಂಶ ಇನ್ನೂ ಹೆಚ್ಚುತ್ತದೆ. ಊರೂರಿನ ಶುದ್ಧ ಕುಡಿಯುವ ನೀರಿನ ಘಟಕದಲ್ಲಿ ನಾಣ್ಯ ಹಾಕಿ 20 ಲೀಟರ್ ಹಿಡಿದುಕೊಳ್ಳುತ್ತೇವೆ. ಚಿಲ್ಲರೆ ನಾಣ್ಯದ ಒಂದು ಡಬ್ಬಿ ಡ್ರೈವರ್ ಸೀಟಿನ ಪಕ್ಕ ಯಾವಾಗಲೂ ಇರುತ್ತದೆ.

ಅಡುಗೆ ಒಳಗೇ ಮಾಡುತ್ತೀರಾ? ಗ್ಯಾಸು ಅಪಾಯ ಅಲ್ವಾ?

ಅಪಾಯವೇ. 2023ರ ಆಗಸ್ಟಿನಲ್ಲಿ ಮದುರೈ ನಿಲ್ದಾಣದಲ್ಲಿ ನಿಂತಿದ್ದ ಪ್ರವಾಸಿಗರ ರೈಲು ಬೋಗಿಯಲ್ಲಿ, ಒಳಗೆ ತಂದಿಟ್ಟುಕೊಂಡಿದ್ದ ಸಿಲಿಂಡರಿನಿಂದ ಬೆಂಕಿ ಹತ್ತಿ ಒಂಬತ್ತು ಜನ ತೀರಿಕೊಂಡರು. ಆ ಸುದ್ದಿ ನನ್ನ ಮನಸ್ಸಿನಿಂದ ಹೋಗಿಲ್ಲ. ಅಡುಗೆ ಅನಿಲ ಗಾಳಿಗಿಂತ ಭಾರ. ಸೋರಿದರೆ ಮೇಲೆ ಹೋಗದೆ ನೆಲದಲ್ಲಿ ಹರಡಿಕೊಂಡು, ಒಂದು ಕಿಡಿಗೆ ಕಾಯುತ್ತಿರುತ್ತದೆ. ಅದಕ್ಕೇ ನಮ್ಮ 5 ಕಿಲೋ ಸಿಲಿಂಡರ್ ಇರುವುದು ಹೊರಗಿನಿಂದ ಮಾತ್ರ ತೆಗೆಯುವ ಪೆಟ್ಟಿಗೆಯಲ್ಲಿ. ಆ ಪೆಟ್ಟಿಗೆಯ ತಳದಲ್ಲಿ ತೂತುಗಳಿವೆ, ಸೋರಿದ್ದು ರಸ್ತೆಗೇ ಹೋಗಲಿ ಎಂದು. ಒಳಗೆ ನೆಲದಿಂದ ಗೇಣೆತ್ತರದಲ್ಲಿ ಗ್ಯಾಸ್ ಅಲಾರಂ. ಗಾಡಿ ಹೊರಡುವ ಮುಂಚೆ ರೆಗ್ಯುಲೇಟರ್ ಬಿಚ್ಚುವುದು ಮಗಳ ಕೆಲಸ. ಅವಳು "ಬಿಚ್ಚಿದೆ" ಎಂದು ಕೂಗದೆ ಅವಳಪ್ಪ ಬೀಗದಕೈ ತಿರುಗಿಸುವುದಿಲ್ಲ.

ಒಳಗೆ ಕಾಫಿ, ಉಪ್ಪಿಟ್ಟು, ಅನ್ನ ಇಷ್ಟೇ. ಮುದ್ದೆ ಮಾಡಲು ಒಳಗೆ ಆಗುವುದೇ ಇಲ್ಲ ಎಂದು ಮೊದಲ ವಾರವೇ ಗೊತ್ತಾಯಿತು. ಮುದ್ದೆ ತಿರುವಲು ಬಲ ಬೇಕು, ಕಟ್ಟೆಯ ಮೇಲಿನ ಒಲೆ ಪಾತ್ರೆ ಸಮೇತ ಜಾರಿತು. ಈಗ ಒಲೆಯನ್ನು ಹೊರಗೆ ನೆಲಕ್ಕಿಳಿಸಿ, ಕುಕ್ಕರುಗಾಲಲ್ಲಿ ಕೂತು, ಕವೆಗೋಲನ್ನು ಪಾದದಲ್ಲಿ ಒತ್ತಿ ಹಿಡಿದು ತಿರುವುತ್ತೇನೆ. ಅತ್ತೆ ಮಡಚು ಕುರ್ಚಿಯಲ್ಲಿ ಕೂತು ಉಂಡೆ ಕಟ್ಟಿಕೊಡುತ್ತಾರೆ. ಅವರೆಕಾಯಿ ಕಾಲದಲ್ಲಿ ಕೇಳಲೇಬೇಡಿ, ಸೊಗಡಿನ ಕಾಯಿ ಸುಲಿದು ಹಿತಕಿದ ಬೇಳೆ ಸಾರು ಮಾಡಲು ನಾಲ್ಕೂ ಜನ ಸುತ್ತ ಕೂರುತ್ತಾರೆ.

ಮೊದಲ ರಾತ್ರಿ ಹೇಗಿತ್ತು?

ಗುಬ್ಬಿ ಹತ್ತಿರ ಅತ್ತೆಯ ತಮ್ಮನ ಆ ತೋಟದಲ್ಲೇ, ಡಿಸೆಂಬರಿನಲ್ಲಿ. ಸೋದರಮಾವ ಗೇಟಿನಲ್ಲೇ ಕಾಯುತ್ತಿದ್ದರು. ಅಕ್ಕ ಕಂಬಿ ಹಿಡಿದು ಒಂದೊಂದೇ ಮೆಟ್ಟಿಲು ಇಳಿದದ್ದನ್ನು ನೋಡುತ್ತಾ ನಿಂತವರು, ಮಾತಾಡದೆ ಟವೆಲ್ಲಿನಿಂದ ಮುಖ ಒರೆಸಿಕೊಂಡರು.

ನೆರಳಿದೆ ಎಂದು ಎರಡು ಸಾಲು ತೆಂಗಿನ ಮರಗಳ ನಡುವೆ ಬಸ್ಸು ನಿಲ್ಲಿಸಿದೆವು. ಮಲಗಿದ ಮೇಲೆ ಶುರುವಾಯಿತು. ನೆಲ ಇಳಿಜಾರಾಗಿದ್ದು ಕಣ್ಣಿಗೆ ಗೊತ್ತಾಗಿರಲಿಲ್ಲ, ಬೆನ್ನಿಗೆ ಗೊತ್ತಾಯಿತು. ತಲೆ ಕೆಳಗೆ, ಕಾಲು ಮೇಲೆ. ಮಕ್ಕಳು ಒಂದು ಮೂಲೆಗೆ ಜಾರಿ ಜಾರಿ ಸೇರಿಕೊಂಡರು. ಹೇಗೋ ದಿಂಬು ತಿರುಗಿಸಿ ಮಲಗಿ ಕಣ್ಣು ಹತ್ತಿತ್ತು. ಸುಮಾರು ಎರಡು ಗಂಟೆಯಲ್ಲಿ ಚಾವಣಿ ಮೇಲೆ ಧಡಾರ್ ಎಂದಿತು. ಇಡೀ ಬಸ್ಸು ನಗಾರಿಯ ಹಾಗೆ ಮೊಳಗಿತು. ಮಗ ಚೀರಿದ. ಟಾರ್ಚ್ ಹಿಡಿದು ಹೋಗಿ ನೋಡಿದರೆ ಒಣಗಿದ ಗರಿ, ಮಟ್ಟೆ ಸಮೇತ, ಒಂದಾಳು ಉದ್ದಕ್ಕೂ ಹೆಚ್ಚು. ಬುಡದ ದಪ್ಪ ತುದಿ ಪ್ಯಾನೆಲ್ಲಿನ ಮೂಲೆಗೆ ಬಿದ್ದು ಗಾಜು ಜೇಡರ ಬಲೆಯ ಹಾಗೆ ಬಿರುಕು ಬಿಟ್ಟಿತ್ತು.

ಬೆಳಿಗ್ಗೆ ಮಾವ ಕುತ್ತಿಗೆ ಎತ್ತಿ ಮರ ನೋಡಿ, "ಗರಿ ಬಿದ್ದಿದ್ದು ಪುಣ್ಯ. ಅಲ್ಲಿ ನೋಡು ಗೊನೆ, ಕಾಯಿ ಬಲಿತು ಕೂತಿದೆ. ಕೊಬ್ಬರಿಗೆ ಅಂತ ಬಿಟ್ಟಿದೀನಿ" ಎಂದರು. ನಮ್ಮ ಸೀಮೆಯಲ್ಲಿ ಕಾಯಿಯನ್ನು ಮರದಲ್ಲೇ ಚೆನ್ನಾಗಿ ಬಲಿಯಲು ಬಿಡುತ್ತಾರೆ, ಆಮೇಲೆ ಅಟ್ಟದ ಮೇಲೆ ವರ್ಷದ ಹತ್ತಿರ ಇಟ್ಟು ಉಂಡೆ ಕೊಬ್ಬರಿ ಮಾಡುತ್ತಾರೆ. ಅಂಥ ಮರದ ಕೆಳಗೆ ನಾವು ಮಕ್ಕಳನ್ನು ಮಲಗಿಸಿದ್ದೆವು. ಅವತ್ತೇ ಬಸ್ಸನ್ನು ಮನೆ ಮುಂದಿನ ಕಣಕ್ಕೆ ತಂದು, ಮಾವನ ಗಾರೆ ಕೆಲಸದ ರಸಮಟ್ಟವನ್ನು ನೆಲದ ಮೇಲಿಟ್ಟು, ತಗ್ಗಿದ್ದ ಚಕ್ರದ ಕೆಳಗೆ ಹಲಗೆ ಕೊಟ್ಟು, ಗಾಲಿಗೆ ಕಲ್ಲು ಕೊಟ್ಟು ನಿಲ್ಲಿಸಿದೆವು. ಆ ರಸಮಟ್ಟವನ್ನು ಮಾವ ನಮಗೇ ಕೊಟ್ಟುಬಿಟ್ಟರು. ಎಲ್ಲಿ ನಿಲ್ಲಿಸಿದರೂ ಮೊದಲು ತಲೆ ಎತ್ತಿ ಮೇಲೆ ನೋಡುತ್ತೇವೆ, ಆಮೇಲೆ ರಸಮಟ್ಟ ಇಡುತ್ತೇವೆ.

ಅತ್ತೆ ಎರಡು ರಾತ್ರಿಯೂ ಎಚ್ಚರವಾಗದೆ ನಿದ್ದೆ ಮಾಡಿದರು. ಗರಿ ಬಿದ್ದ ಸದ್ದೂ ಅವರಿಗೆ ಕೇಳಿರಲಿಲ್ಲ.

ರಾತ್ರಿ ಎಲ್ಲಿ ನಿಲ್ಲಿಸಬಹುದು?

ಕೇಳದೆ ನಾವು ಎಲ್ಲೂ ನಿಲ್ಲಿಸಿಲ್ಲ. ನೆಂಟರ ತೋಟ, ಪರಿಚಯದವರ ಹೊಲ, ದೇವಸ್ಥಾನದ ಬಯಲು, ಹೆದ್ದಾರಿಯ ದೊಡ್ಡ ಬಂಕು. "ಅಣ್ಣಾ, ತುಮಕೂರಿನವರು ನಾವು. ಮನೆಮಂದಿ ಇದೀವಿ, ಅಜ್ಜೀನೂ ಇದಾರೆ. ಇವತ್ತೊಂದು ರಾತ್ರಿ ಇಲ್ಲಿ ನಿಲ್ಲಿಸಿಕೊಳ್ಳಲಾ? ಬೆಳಿಗ್ಗೆ ಎಂಟಕ್ಕೆ ಹೊರಡ್ತೀವಿ." ಇಷ್ಟು ಹೇಳಿದರೆ ಹಳ್ಳಿಗಳಲ್ಲಿ ಬೇಡ ಎಂದವರು ಬಹಳ ಕಡಿಮೆ. ಬೇಡ ಎಂದರೆ ವಾದ ಮಾಡದೆ ಹೊರಟುಬಿಡಬೇಕು.

ಕಾಡಿನಲ್ಲಿ ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ತಂಗುವಂತಿಲ್ಲ. ದೇವರಾಯನದುರ್ಗ ನಮ್ಮಿಂದ 15 ಕಿ.ಮೀ., ನಾಮದ ಚಿಲುಮೆಯಲ್ಲಿ ಬಂಡೆಯಿಂದ ಉಕ್ಕುವ ನೀರು ನೋಡಲು ಮಕ್ಕಳಿಗೆ ಎಷ್ಟು ಸಲ ಹೋದರೂ ಬೇಜಾರಿಲ್ಲ. ಆದರೆ ಹಗಲು ನೋಡಿಕೊಂಡು ಕತ್ತಲಾಗುವ ಮೊದಲು ಇಳಿದುಬಿಡುತ್ತೇವೆ. ಕೆರೆ ಅಂಗಳವೂ ಬೇಡ. ಒಣಗಿದಂತೆ ಕಾಣುವ ಮಣ್ಣು ಭಾರಕ್ಕೆ ಕುಸಿಯುತ್ತದೆ. ಒಮ್ಮೆ ನಮ್ಮನ್ನು ಟ್ರ್ಯಾಕ್ಟರ್ ಕಟ್ಟಿ ಎಳೆಯಬೇಕಾಯಿತು.

ದಾರಿಯಲ್ಲಿ ತುಂಬ ಹೆದರಿದ್ದು ಯಾವಾಗ?

ಜನವರಿಯಲ್ಲಿ, ಕೊರಟಗೆರೆ ಕಡೆಯಿಂದ ಮಧುಗಿರಿಗೆ ಹೋಗುವಾಗ. ಹಳ್ಳಿ ರಸ್ತೆಯಲ್ಲಿ ಹುರುಳಿ ಹರಡಿದ್ದರು, ವಾಹನ ಹರಿದು ಒಕ್ಕಣೆಯಾಗಲಿ ಎಂದು. ಎಲ್ಲರ ಹಾಗೆ ನಾವೂ ಅದರ ಮೇಲೆ ಹೋದೆವು. ಒಂದು ಕಿಲೋಮೀಟರ್ ಆದ ಮೇಲೆ ಮಗಳು, "ಅಪ್ಪ, ಏನೋ ಸೀದ ವಾಸನೆ" ಎಂದಳು. ಹಿಂದಿನ ಕನ್ನಡಿಯಲ್ಲಿ ಹೊಗೆ. ಗಾಡಿ ನಿಲ್ಲಿಸಿ ಎಲ್ಲರನ್ನೂ ಇಳಿಸಿದೆವು. ಅತ್ತೆಯನ್ನು ನಾನು ಎತ್ತಿಕೊಂಡೇ ಇಳಿದೆ, ಆ ಬಲ ಎಲ್ಲಿಂದ ಬಂತೋ. ಬಗ್ಗಿ ನೋಡಿದರೆ ಹುರುಳಿ ಬಳ್ಳಿ, ಹಿಂದಿನ ಚಕ್ರ ತಿರುಗಿಸುವ ಪ್ರೊಪೆಲ್ಲರ್ ಶಾಫ್ಟಿಗೆ ಹಗ್ಗ ಹೊಸೆದ ಹಾಗೆ ಬಿಗಿಯಾಗಿ ಸುತ್ತಿಕೊಂಡಿತ್ತು. ಸೈಲೆನ್ಸರ್ ಪಕ್ಕದಲ್ಲಿ ಸಿಕ್ಕಿಕೊಂಡಿದ್ದ ಒಂದು ಹಿಡಿ ಹೊಟ್ಟು ಕೆಂಪಗೆ ಕೆಂಡವಾಗುತ್ತಿತ್ತು. 2 ಕಿಲೋ ಪುಡಿಯ ಅಗ್ನಿಶಾಮಕ ಸಿಲಿಂಡರ್ ಬಾಗಿಲ ಪಕ್ಕದಲ್ಲೇ ಇದ್ದದ್ದರಿಂದ ಉಳಿದೆವು. ಹೊಲದಲ್ಲಿದ್ದ ಒಬ್ಬ ಹೆಂಗಸು ಓಡಿಬಂದು ಕುಡುಗೋಲು ಕೊಟ್ಟರು. ನಮ್ಮ ಮನೆಯವರು ಅಂಗಾತ ಮಲಗಿ ಅರ್ಧ ಗಂಟೆ ಕೊಯ್ದು ಕೊಯ್ದು ತೆಗೆದರು.

ರೈತರನ್ನು ಬೈಯಲು ನನಗೆ ಮನಸ್ಸಿಲ್ಲ. ಕಣ ಮಾಡಲು ಜಾಗವಿಲ್ಲ, ಆಳು ಸಿಗುವುದಿಲ್ಲ, ಮೋಡ ಬಂದರೆ ವರ್ಷದ ಬೆಳೆ ಹೋಗುತ್ತದೆ. ಆದರೆ ಹುರುಳಿ ಒಕ್ಕಣೆ ಕಂಡರೆ ದಯವಿಟ್ಟು ನಿಲ್ಲಿಸಿ, ಪಕ್ಕಕ್ಕೆ ಸರಿಸಿಕೊಡಿ ಎಂದು ಕೇಳಿ. ರಾಗಿಗಿಂತ ಹುರುಳಿಯೇ ಹೆಚ್ಚು ಅಪಾಯ, ಬಳ್ಳಿ ಉದ್ದ ಇರುತ್ತದೆ. ದಾಟಲೇಬೇಕಾದರೆ ದಾಟಿದ ಕೂಡಲೇ ಇಳಿದು ಕೆಳಗೆ ಬಗ್ಗಿ ನೋಡಿ.

ಮಕ್ಕಳಿಗೆ ಬೇಜಾರಾಗಲ್ವಾ? ಸ್ಕೂಲು?

ಸ್ಕೂಲು ತಪ್ಪಿಸಿಲ್ಲ. ಶನಿವಾರ ಮಧ್ಯಾಹ್ನ ಹೊರಟು ಭಾನುವಾರ ರಾತ್ರಿ ವಾಪಸ್, ದಸರಾ ರಜೆಯಲ್ಲಿ ಸ್ವಲ್ಪ ಹೆಚ್ಚು. ಶಿರಾ ಹತ್ತಿರದ ಕಗ್ಗಲಡುವಿನಲ್ಲಿ ಊರ ನಡುವಿನ ಹುಣಸೆಮರಗಳ ಮೇಲೆ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಮಗಳು ಬಸ್ಸಿನ ಕಿಟಕಿಯಲ್ಲೇ ಕೂತು ಒಂದು ಮರದ ಗೂಡು ಎಣಿಸಿ ಪಟ್ಟಿ ಮಾಡಿದಳು. ಆ ಊರಿನವರು ಹಕ್ಕಿಗಳನ್ನು ಮನೆ ಮಕ್ಕಳ ಹಾಗೆ ನೋಡಿಕೊಳ್ಳುತ್ತಾರೆ, ಹಾರ್ನ್ ಹೊಡೆಯಬೇಡಿ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲಿನಲ್ಲಿ ಕೃಷ್ಣಮೃಗ ನೆಗೆಯುವುದನ್ನು ಮಗ ಇನ್ನೂ ನೆಗೆದೇ ತೋರಿಸುತ್ತಾನೆ.

ದೂರದ ಊರಿಗೆ ಹೋಗಿದ್ದೀರಾ?

ಒಂದೇ ಸಲ, ಮೈಸೂರು ದಾಟಿ ಗುಂಡ್ಲುಪೇಟೆವರೆಗೆ. ಬಂಡೀಪುರದ ರಸ್ತೆಗಳಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ಇಲ್ಲ, 2009ರಿಂದಲೂ ಹಾಗೇ ಇದೆ. ಪ್ರಾಣಿಗಳಿಗೆ ಆ ಒಂಬತ್ತು ಗಂಟೆ ಸಿಗುವುದು ನ್ಯಾಯ. ಘಾಟಿ ರಸ್ತೆಗಳಲ್ಲೂ ದೊಡ್ಡ ಗಾಡಿಗಳಿಗೆ ನಿರ್ಬಂಧ ಇರುತ್ತದೆ, ಮಳೆಗಾಲದಲ್ಲಿ ಅದು ಬದಲಾಗುತ್ತಲೇ ಇರುತ್ತದೆ, ಹೊರಡುವ ದಿನ ವಿಚಾರಿಸಿ.

ಹೊಸಬರು ಮೊದಲು ಎಲ್ಲಿಗೆ ಹೋಗಬೇಕು?

ಮನೆಯಿಂದ 60 ಕಿಲೋಮೀಟರ್ ಒಳಗೆ, ಗುರುತಿನವರು ಇರುವ ಕಡೆ. ಗೋವಾ, ಲಡಾಖ್ ಆಮೇಲೆ. ಮೊದಲ ಐದಾರು ರಾತ್ರಿಗಳಲ್ಲಿ ಏನಾದರೊಂದು ಕೆಡುತ್ತದೆ. ನಮಗೆ ಗಾಜು ಒಡೆಯಿತು, ಪಂಪಿನ ಪೈಪು ಕಳಚಿಕೊಂಡು ಹಾಸಿಗೆ ನೆನೆಯಿತು, ಅಲಮಾರಿ ಬಾಗಿಲು ತೆರೆದುಕೊಂಡು ಸಾಂಬಾರ್ ಪುಡಿ ಡಬ್ಬಿ ಎಲ್ಲ ಉರುಳಿದವು. ಹತ್ತಿರದಲ್ಲಿದ್ದರೆ ಮೈದುನ ಬೈಕಿನಲ್ಲಿ ಸಾಮಾನು ತಂದುಕೊಡುತ್ತಾನೆ. ತುಮಕೂರಿನವರಾದರೆ ಬೆಳಿಗ್ಗೆ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದು ಶಿರಾ ರಸ್ತೆ ಹಿಡಿಯಿರಿ. ಸೀಬಿಯ ನರಸಿಂಹ ದೇವಸ್ಥಾನದ ಚಾವಣಿಯ ಹಳೇ ಬಣ್ಣದ ಚಿತ್ರಗಳನ್ನು ಅವಸರವಿಲ್ಲದೆ ನೋಡಿ. ಅಲ್ಲಿಂದ ಶಿರಾ, ಕಗ್ಗಲಡು. ರಸ್ತೆ ಅಗಲ, ತಿರುವು ಕಡಿಮೆ, ಬಂಕುಗಳಿವೆ.

ಮುಂದೆ ಎಲ್ಲಿಗೆ?

ಎಡೆಯೂರಿಗೆ. ತೇರಿನ ದಿನ ಬಸ್ಸು ನಿಲ್ಲಿಸಲು ಜಾಗ ಸಿಗುವುದಿಲ್ಲವೆಂದು ಎರಡು ವಾರ ಮೊದಲೇ ಹೋಗುತ್ತಿದ್ದೇವೆ. ದಾರಿಯಲ್ಲಿ ಕುಣಿಗಲ್, ಆಮೇಲೆ ಮಾರ್ಕೋನಹಳ್ಳಿ ಜಲಾಶಯ. ಕಮಾನು ಗಾಡಿ ಬಿಚ್ಚುತ್ತಿದ್ದ ಜಾಗ ಗುರುತಿದೆ ಎನ್ನುತ್ತಾರೆ ಅತ್ತೆ, ದೊಡ್ಡದೊಂದು ಆಲದ ಮರವಂತೆ. ಮರ ಇದೆಯೋ ಇಲ್ಲವೋ, ಮೂರು ಕಲ್ಲನ್ನು ಮನೆಯಿಂದಲೇ ತೊಳೆದು ಬಸ್ಸಿಗೆ ಹಾಕಿಸಿದ್ದಾರೆ.